ಗದ್ದೆ ಬಿಟ್ಟು ವೇದಿಕೆ ಏರಿದ ಪಾಡ್ದನ

ಮಂಗಳೂರು ಪೇಟೆಯಿಂದ ಬೋಂದೆಲ್ ದಾಟಿ ಬಜಪೆ ಕಡೆಗೆ ಹೋಗುವವರಿಗೆ ಕಾವೂರು ಈಗ ಒಂದು ಜಂಕ್ಷನ್. ಕೂಳೂರಿನತ್ತ ತಿರುಗುವ ಲಾರಿಗಳು, ವಿಮಾನದ ಹೊತ್ತಾಯಿತೆಂದು ಓಡುವ ಕಾರುಗಳು, ಸಿಟಿ ಬಸ್ಸಿನ ಕಂಡಕ್ಟರನ ಸೀಟಿ. ಇವುಗಳ ಮಧ್ಯೆ ನಿಂತು ಸುತ್ತ ನೋಡಿದರೆ ಇಲ್ಲಿ ಒಂದು ಕಾಲದಲ್ಲಿ ಬೈಲುಗದ್ದೆಗಳಿದ್ದವೆಂದರೆ ನಂಬುವುದು ಕಷ್ಟ. ಮಹಾಲಿಂಗೇಶ್ವರ ದೇವಸ್ಥಾನವಿದೆ, ಕೆರೆಯಿದೆ. ಕೆರೆಯ ನೀರು ಕುಡಿಯಬೇಕಾದ ಗದ್ದೆಗಳಲ್ಲಿ ಮಾತ್ರ ಬಹುಪಾಲು ಮನೆಗಳೆದ್ದಿವೆ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿತು. 1976ರಲ್ಲಿ ಅಲ್ಲೇ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ವಸತಿ ಬಡಾವಣೆ ಕಾವೂರಿಗೇ ಬಂತು. ಸಂಬಳದ ಕೆಲಸ ಬಂದಲ್ಲಿ ಬೇಸಾಯ ಹಿಂದೆ ಸರಿಯುವುದು ಹೊಸ ಸಂಗತಿಯಲ್ಲ. ಆದರೆ ಗದ್ದೆಯ ಜೊತೆ ಸದ್ದಿಲ್ಲದೆ ಹೊರಟುಹೋದದ್ದು ಬರೀ ಭತ್ತವಲ್ಲ. ಸೊಂಟ ಬಗ್ಗಿಸಿ ನೇಜಿ ನೆಡುತ್ತಿದ್ದ ಹೆಂಗಸರ ಬಾಯಲ್ಲಿದ್ದ ಪಾಡ್ದನವೂ ಹೊರಟಿತು.

ಅದನ್ನು ವಾಪಸು ಕರೆಯುವ ಪ್ರಯತ್ನ ಈಗ ಪ್ರತಿವರ್ಷವೂ ಮಳೆಗಾಲದಲ್ಲಿ ಕಾಣಸಿಗುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು ‘ಆಟಿ’. ಈ ತಿಂಗಳಲ್ಲಿ ಮಂಗಳೂರು ಸುತ್ತಿನ ಯಾವ ಹೋಬಳಿಗೆ ಹೋದರೂ ಒಂದು ಸಭಾಭವನದ ಎದುರು ‘ಆಟಿಡೊಂಜಿ ದಿನ’ ಎಂಬ ಬ್ಯಾನರ್ ಇರುತ್ತದೆ. ಜಾತಿ ಸಂಘಗಳು, ಯುವಕ ಮಂಡಲಗಳು, ಮಹಿಳಾ ಮಂಡಲಗಳು, ಶಾಲೆ ಕಾಲೇಜುಗಳು, ಬ್ಯಾಂಕಿನ ನೌಕರರು ಕೂಡ ಒಂದು ಭಾನುವಾರವನ್ನು ಇದಕ್ಕೆಂದು ಮೀಸಲಿಡುತ್ತಾರೆ. ಗದ್ದೆ ಉಳಿದಿರುವ ಕಡೆ ‘ಕೆಸರ್ಡೊಂಜಿ ದಿನ’ ಎಂದು ಕೆಸರಿನಲ್ಲೇ ಆಟೋಟ ನಡೆಯುವುದೂ ಉಂಟು. ಪತ್ರೊಡೆ, ತಜಂಕಿನ ಪಲ್ಯ, ತಿಮರೆ ಚಟ್ನಿ, ಹಲಸಿನ ಬೀಜದ ಸಾರು ಬಾಳೆಎಲೆಯಲ್ಲಿ ಬೀಳುವುದಕ್ಕೆ ಮುಂಚೆ ಕಾರ್ಯಕ್ರಮ ಪಟ್ಟಿಯಲ್ಲಿ ತಪ್ಪದೆ ಒಂದು ಕಲಾಪ ಇರುತ್ತದೆ: ಪಾಡ್ದನ ಸ್ಪರ್ಧೆ ಅಥವಾ ಪಾಡ್ದನ ಗಾಯನ.

ಆಟಿ ಎಂಬುದು ಹಿಂದೆ ಹಬ್ಬದ ತಿಂಗಳಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ಅದು ಹಸಿವಿನ ತಿಂಗಳು. ಕಣಜ ಬರಿದಾಗಿ, ಮಳೆ ಬಿಡದೆ ಸುರಿದು, ಕೂಲಿ ಕೆಲಸವೂ ಇಲ್ಲದೆ ಜನ ಕಾಡುಸೊಪ್ಪು, ಗೆಡ್ಡೆ ತಿಂದು ದಿನ ದೂಡಿದ ಕಾಲ. ಪತ್ತನಾಜೆ ಕಳೆದ ಮೇಲೆ ಭೂತದ ಕೋಲಗಳೂ ಇಲ್ಲ, ಮದುವೆ ಮುಂಜಿಗಳೂ ಇಲ್ಲ. ಇಂದು ಬಫೆಯಲ್ಲಿ ಮೂವತ್ತು ಬಗೆ ಇಟ್ಟು ಆಟಿಯನ್ನು ಕೊಂಡಾಡುವುದನ್ನು ಕಂಡು ಹಿರಿಯರು ನಗುವುದರಲ್ಲಿ ಅರ್ಥವಿದೆ. ಆದರೂ ತಿಂಗಳ ಆಯ್ಕೆ ಪೂರ್ತಿ ತಪ್ಪೇನಲ್ಲ. ಏಣೆಲು ಬೆಳೆಯ ನಾಟಿ ಮುಗಿದು, ಹಾಡುಗಾರ್ತಿಯರು ಮನೆಯೊಳಗೆ ಕೂತು, ಮಕ್ಕಳಿಗೆ ಕಥೆ ಹೇಳಲು ಪುರುಸೊತ್ತು ಸಿಗುತ್ತಿದ್ದುದು ಈ ಆಟಿಯಲ್ಲೇ.

ಹಾಡಲ್ಲ, ಕಥೆ

ಪಾಡ್ದನವೆಂದರೆ ಕಥೆಯುಳ್ಳ ಹಾಡು. ಕಥೆಯಿಲ್ಲದ, ಕೆಲಸದ ಬೇಸರ ಕಳೆಯಲು ಹಾಡುವ ಚಿಕ್ಕ ಹಾಡುಗಳಿಗೆ ‘ಕಬಿತ’ ಎಂದೂ, ‘ಓ ಬೇಲೆ’ ಎಂದೂ ಬೇರೆ ಹೆಸರುಗಳಿವೆ. ಪಾಡ್ದನಕ್ಕೆ ಎರಡು ನೆಲೆಗಳು. ಒಂದು ಭೂತದ ಅಂಗಳ. ಅಲ್ಲಿ ನಲಿಕೆ, ಪಂಬದ, ಪರವ ಸಮುದಾಯದವರು ತೆಂಬರೆ ಬಡಿಯುತ್ತ ಆಯಾ ದೈವದ ಹುಟ್ಟು, ಪಯಣ, ಕಾರಣಿಕವನ್ನು ಹಾಡುತ್ತಾರೆ. ಇದನ್ನು ‘ಸಂಧಿ’ ಎನ್ನುವ ರೂಢಿಯೂ ಇದೆ. ಇನ್ನೊಂದು ನೆಲೆ ಗದ್ದೆ. ಅಲ್ಲಿ ಒಬ್ಬಾಕೆ ಮುಂದಾಗಿ ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಕೂಡಿಸುತ್ತಾರೆ. ಕೈ ನೇಜಿ ಊರುವ ಲಯಕ್ಕೆ ಹಾಡು, ಹಾಡಿನ ಲಯಕ್ಕೆ ಕೈ. ಬೆಳಿಗ್ಗೆ ಗದ್ದೆಗಿಳಿದಾಗ ಆರಂಭಿಸಿದ ಕಥೆ ಗಂಜಿಯ ಹೊತ್ತಿಗೂ ಮುಗಿಯದೆ ಮಧ್ಯಾಹ್ನಕ್ಕೆ, ಕೆಲವೊಮ್ಮೆ ಮರುದಿನಕ್ಕೆ ಮುಂದುವರಿಯುತ್ತಿತ್ತು.

ಕಥೆಗಳೋ, ಮೆತ್ತನೆಯ ಕಥೆಗಳಲ್ಲ. ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನನ್ನು ನೋಡಲು ಶಾಲಾ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಶಾಸನ ಅರಸನ ಹೆಸರು ಹೇಳುತ್ತದೆ. ಪಾಡ್ದನ ಶಿಲ್ಪಿಯ ಹೆಸರು ಹೇಳುತ್ತದೆ. ಅಂಥ ಮೂರ್ತಿ ಮತ್ತೆಲ್ಲೂ ಆಗಬಾರದೆಂದು ಅರಸ ಆ ಶಿಲ್ಪಿ ಕಲ್ಕುಡನ ಎಡಗೈ, ಬಲಗಾಲು ಕಡಿಸಿದ್ದು, ತಂಗಿ ಕಲ್ಲುರ್ಟಿ ಅದಕ್ಕೆ ಸೇಡು ತೀರಿಸಿಕೊಂಡದ್ದು ಗದ್ದೆಯ ಹೆಂಗಸರಿಗೆ ಗೊತ್ತಿತ್ತು. ಪಡುಮಲೆಯ ಬಲ್ಲಾಳನ ಎದುರು ತಲೆ ಎತ್ತಿ ನಿಂತ ಕೋಟಿ ಚೆನ್ನಯರು, ದುಡಿದ ಜಾಗದಲ್ಲೇ ಮಾಯಕಕ್ಕೆ ಸಂದ ಕೊರಗ ತನಿಯ, ಗಂಡನ ಅನ್ಯಾಯ ಸಹಿಸದೆ ಬಸರೂರಿನ ಅರಮನೆಯನ್ನೇ ಬಿಟ್ಟು ಕೂಸಿನೊಂದಿಗೆ ಹೊರಟ ಸಿರಿ. ಇವರೆಲ್ಲ ಉಳ್ಳವರ ಗದ್ದೆಯಲ್ಲಿ, ಉಳ್ಳವರ ಕಿವಿಗೆ ಬೀಳುವಂತೆಯೇ ಹಾಡಿನಲ್ಲಿ ಬಂದುಹೋಗುತ್ತಿದ್ದರು. ಒಡೆಯ ಗದ್ದೆಯ ಹುಣಿಯಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದ. ಹಾಡಿಗೆ ಅವನ ಅಡ್ಡಿಯಿರಲಿಲ್ಲ. ಹಾಡಿದರೆ ಕೆಲಸ ಚುರುಕಾಗುತ್ತದಲ್ಲ!

ಬರೆದಿಟ್ಟವರು

ಈ ಹಾಡುಗಳು ಮೊದಲು ಅಚ್ಚಾದದ್ದೂ ಮಂಗಳೂರಿನಲ್ಲೇ. ಬಾಸೆಲ್ ಮಿಷನ್ನಿನ ಅಗಸ್ಟ್ ಮ್ಯಾನರ್ 1886ರಲ್ಲಿ ‘ಪಾಡ್ದನೊಳು’ ಎಂಬ ಸಂಗ್ರಹವನ್ನು ಕನ್ನಡ ಲಿಪಿಯಲ್ಲಿ ಮಿಷನ್ ಪ್ರೆಸ್ಸಿನಿಂದ ಹೊರತಂದರು. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಕೂಡಿಸಿದ್ದ ಪಾಡ್ದನಗಳು ಅವರು ತೀರಿಕೊಂಡು ಹನ್ನೆರಡು ವರ್ಷಗಳ ನಂತರ, 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಬಂದವು. ಅದೇ ವರ್ಷಗಳಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಕುಳಿತು ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬ ಪಂಡಿತ ಇಂಗ್ಲೆಂಡ್, ಸ್ಕಾಟ್ಲೆಂಡಿನ 305 ಲಾವಣಿಗಳನ್ನು ಸಂಪಾದಿಸುತ್ತಿದ್ದ ಎಂಬುದು ಗಮನಿಸಬೇಕಾದ ಸಂಗತಿ. ಆತನ ಪುಸ್ತಕ ಬಂದ ಅವಧಿ 1882ರಿಂದ 1898. ಚೈಲ್ಡ್ ಹೆಚ್ಚಾಗಿ ಹಳೆಯ ಹಸ್ತಪ್ರತಿಗಳನ್ನು ನಂಬಿದ. ಜೀವಂತ ಹಾಡುಗಾರರು ಇನ್ನು ಹೆಚ್ಚು ಉಳಿದಿಲ್ಲವೆಂಬುದು ಆಗಿನ ಪಂಡಿತರ ಎಣಿಕೆ.

ಆ ಎಣಿಕೆ ಎಷ್ಟು ತಪ್ಪೆಂಬುದು ತಿಳಿದದ್ದು 1950ರ ದಶಕದಲ್ಲಿ. ಎಡಿನ್‌ಬರೋದಲ್ಲಿ 1951ರಲ್ಲಿ ಆರಂಭವಾದ ಸ್ಕಾಟಿಷ್ ಅಧ್ಯಯನ ಸಂಸ್ಥೆಯ ಹ್ಯಾಮಿಷ್ ಹೆಂಡರ್ಸನ್ 1953ರಲ್ಲಿ ಅಬರ್ದೀನ್ ನಗರದ ಒಂದು ಸಾಮಾನ್ಯ ಮನೆಯ ಬಾಗಿಲು ತಟ್ಟಿದಾಗ ಜೀನಿ ರಾಬರ್ಟ್‌ಸನ್ ಎಂಬ ಹೆಂಗಸು ಸಿಕ್ಕಿದಳು. ಅಲೆಮಾರಿ ಸಮುದಾಯದಲ್ಲಿ ಹುಟ್ಟಿದ ಆಕೆಗೆ ಉದ್ದುದ್ದ ಲಾವಣಿಗಳು ಬಾಯಿಪಾಠ. ಮುಂದೆ ಹೆಂಡರ್ಸನ್ ಬ್ಲೇರ್‌ಗೌರಿಯ ರಾಸ್ಪ್‌ಬೆರಿ ತೋಟಗಳಿಗೆ ಹೋದ. ಹಣ್ಣು ಕೊಯ್ಯಲು ಡೇರೆ ಹಾಕಿಕೊಂಡು ಬಂದ ಕೂಲಿಯವರ ನಡುವೆ ಅವನಿಗೆ ಸಿಕ್ಕ ಹಾಡುಗಳಿಗೆ ಲೆಕ್ಕವಿರಲಿಲ್ಲ. ಊರಿನವರು ಹತ್ತಿರ ಸೇರಿಸದ ಜನರ ಬಾಯಲ್ಲೇ ಊರಿನ ಹಳೆಯ ಕಥೆಗಳು ಉಳಿದಿದ್ದವು. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಅಮೃತ ಸೋಮೇಶ್ವರರು ಪಾಡ್ದನದ ಕಥೆಗಳನ್ನು ಕನ್ನಡ ಓದುಗರಿಗೆ ತಲುಪಿಸಿದರು. ಬಿ.ಎ. ವಿವೇಕ ರೈಯವರ ‘ತುಳು ಜನಪದ ಸಾಹಿತ್ಯ’ 1985ರಲ್ಲಿ ಪ್ರಕಟವಾಯಿತು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜಾನಪದ ರಂಗಕಲೆಗಳ ಸಂಪನ್ಮೂಲ ಕೇಂದ್ರ ಧ್ವನಿಮುದ್ರಣಗಳನ್ನು ಕೂಡಿಟ್ಟಿತು. ಅದರ ಪಕ್ಕದ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ಹೊರತಂದ ಆರು ಸಂಪುಟಗಳ ತುಳು ನಿಘಂಟಿಗೆ ಪಾಡ್ದನಗಳಿಂದಲೇ ಎಷ್ಟೋ ಪದಗಳು ಸಂದವು. ಪೇಟೆಯ ಮಾತಿನಿಂದ ಅಳಿಸಿಹೋದ ಪದಗಳನ್ನು ಗದ್ದೆಯ ಹಾಡು ಜೋಪಾನ ಮಾಡಿತ್ತು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ತುಳು ಕಾರ್ಯಕ್ರಮಗಳ ಮೂಲಕ ಹಾಡುಗಾರ್ತಿಯರ ದನಿಯನ್ನು ಮನೆಮನೆಗೆ ಮುಟ್ಟಿಸಿದ್ದೂ ಸಣ್ಣ ಕೆಲಸವಲ್ಲ.

ಇಲಿಯಡ್‌ಗೆ ಹತ್ತು ಸಾಲು ಕಡಿಮೆ

ಇವೆಲ್ಲಕ್ಕೂ ಮುಕುಟವಿಟ್ಟಂಥ ಕೆಲಸ ನಡೆದದ್ದು ಬೆಳ್ತಂಗಡಿ ತಾಲೂಕಿನ ಉಜಿರೆಯ ಬಳಿಯ ಮಾಚಾರಿನಲ್ಲಿ. ಗೋಪಾಲ ನಾಯ್ಕರು ಸಿರಿ ಆರಾಧನೆಯಲ್ಲಿ ಕುಮಾರನ ಪಾತ್ರಿ. ಜೊತೆಗೆ ಗದ್ದೆಯಲ್ಲೂ ಹಾಡಿ ಬಲ್ಲವರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಅವರ ಪತ್ನಿ ಅನ್ನೆಲಿ ಹೊಂಕೊ, ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಸೇರಿ 1990ರ ಡಿಸೆಂಬರಿನಲ್ಲಿ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ದಿನಗಟ್ಟಲೆ ಮುದ್ರಿಸಿಕೊಂಡರು. ಬರೆದು ಎಣಿಸಿದಾಗ 15,683 ಸಾಲುಗಳು. ಗ್ರೀಕರ ಇಲಿಯಡ್ ಕಾವ್ಯದ ಸಾಲುಗಳು 15,693. ಅಂದರೆ ಹತ್ತೇ ಸಾಲಿನ ವ್ಯತ್ಯಾಸ! 1998ರಲ್ಲಿ ಈ ಕಾವ್ಯ ತುಳು ಮೂಲ, ಇಂಗ್ಲಿಷ್ ಅನುವಾದಗಳೊಂದಿಗೆ ಫಿನ್ಲೆಂಡಿನಲ್ಲಿ ಅಚ್ಚಾಯಿತು. ಕಲೇವಾಲ ಎಂಬ ಜನಪದ ಮಹಾಕಾವ್ಯವನ್ನು ರಾಷ್ಟ್ರದ ಹೆಮ್ಮೆಯಾಗಿ ಇಟ್ಟುಕೊಂಡ ದೇಶದವರಿಗೆ ಸಿರಿಯ ಬೆಲೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಒಂದು ವಿಚಾರ ಬಹಳ ಮುಖ್ಯ. ಗೋಪಾಲ ನಾಯ್ಕರು ಇದೇ ಕಥೆಯನ್ನು ಹಾಡದೆ, ಬರೆದುಕೊಳ್ಳುವವರಿಗೆ ಬಾಯಲ್ಲಿ ಹೇಳಿದಾಗ ಅದು ಎಷ್ಟೋ ಮೊಟಕಾಗಿತ್ತು. ಹಾಡಿದಾಗ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅಂದಮೇಲೆ ಹಾಡುಗಾರನ ತಲೆಯಲ್ಲಿ ಟೇಪಿನಂತೆ ಸುತ್ತಿಟ್ಟ ಪಾಠ ಇರುವುದಿಲ್ಲ. ಅಲ್ಲಿರುವುದು ಕಥೆಯ ಅಸ್ಥಿಪಂಜರ, ಜೊತೆಗೆ ಬೇಕಾದಲ್ಲಿ ತೊಡಿಸಬಹುದಾದ ಸಿದ್ಧ ವರ್ಣನೆಗಳ ಭಂಡಾರ. ಉದಾಹರಣೆಗೆ, ಪಾಡ್ದನದಲ್ಲಿ ಯಾರಿಗಾದರೂ ಸುದ್ದಿ ಕಳಿಸಬೇಕಾದರೆ ‘ಓಲೆ ಕಳಿಸಿದ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ತಾಳೆಮರದಿಂದ ಗರಿ ಕಡಿಸಬೇಕು, ಎಳೆ ಬಿಸಿಲಿಗೆ ಒಣಗಿಸಬೇಕು, ಎಣ್ಣೆ ಅರಸಿನ ಹಚ್ಚಬೇಕು, ಬರೆಯುವವನನ್ನು ಕರೆಸಬೇಕು. ಈ ತುಂಡು ಸಿರಿಯ ಕಥೆಯಲ್ಲೂ ಬರುತ್ತದೆ, ಬೇರೆ ಪಾಡ್ದನಗಳಲ್ಲೂ ಬರುತ್ತದೆ. ಪಯಣ ಹೊರಡುವುದು, ವೀಳ್ಯ ಮೆಲ್ಲುವುದು, ಸ್ನಾನಕ್ಕೆ ನೀರು ಕಾಯಿಸುವುದು ಎಲ್ಲಕ್ಕೂ ಇಂಥ ತುಂಡುಗಳಿವೆ. ನೆಡುವ ಗದ್ದೆ ದೊಡ್ಡದಿದ್ದರೆ ಓಲೆ ನಿಧಾನವಾಗಿ ಒಣಗುತ್ತದೆ. ಗಂಜಿಗೆ ಕರೆ ಬಂದರೆ ಬೇಗ ಒಣಗುತ್ತದೆ. ಅಮೆರಿಕದ ಮಿಲ್ಮನ್ ಪ್ಯಾರಿ, ಆಲ್ಬರ್ಟ್ ಲಾರ್ಡ್ 1930ರ ದಶಕದಲ್ಲಿ ಯುಗೊಸ್ಲಾವಿಯದ ಹಾಡುಗಾರರಲ್ಲಿ ಕಂಡದ್ದೂ ಇದನ್ನೇ. ಹೋಮರ್ ಹೀಗೆಯೇ ಹಾಡಿರಬೇಕೆಂದು ಅವರು ತರ್ಕಿಸಿದರು.

ಕಾರ್ಯಕ್ರಮ ಸಂಘಟಿಸುವವರು ಗಮನ ಕೊಡಬೇಕಾದದ್ದು ಈ ರಚನೆಗೆ. ವೇದಿಕೆಯ ಪಾಡ್ದನ ಸ್ಪರ್ಧೆಯಲ್ಲಿ ಒಂದು ತಂಡಕ್ಕೆ ಸಿಗುವುದು ಐದೋ ಹತ್ತೋ ನಿಮಿಷ. ಸಾಲಿಗೆ ಐದು ಸೆಕೆಂಡು ಎಂದು ಲೆಕ್ಕ ಹಿಡಿದರೆ ಐದು ನಿಮಿಷಕ್ಕೆ 60 ಸಾಲು. ಅದೇ ಲೆಕ್ಕದಲ್ಲಿ 15,683 ಸಾಲಿಗೆ ಹೆಚ್ಚುಕಡಿಮೆ 22 ಗಂಟೆ ಬೇಕು. ಅರುವತ್ತು ಸಾಲಿನಲ್ಲಿ ಓಲೆಯ ಗರಿಯೂ ಒಣಗುವುದಿಲ್ಲ! ಹಾಗಾಗಿ ಸ್ಪರ್ಧೆಗೆ ಬರುವ ಹುಡುಗಿಯರು ಮಾಡುವುದೇನು? ಪುಸ್ತಕದಿಂದಲೋ ಮೊಬೈಲಿನಿಂದಲೋ ಒಂದು ತುಂಡನ್ನು ಬಾಯಿಪಾಠ ಮಾಡಿ, ಒಂದೇ ಬಣ್ಣದ ಸೀರೆಯುಟ್ಟು, ಮುಟ್ಟಾಳೆ ಇಟ್ಟು, ನೇಜಿ ನೆಡುವ ಅಭಿನಯದೊಂದಿಗೆ ಒಪ್ಪಿಸಿ ಬಹುಮಾನ ಪಡೆಯುತ್ತಾರೆ. ರಾಗ ಉಳಿಯಿತು. ಕಥೆ ಕಟ್ಟುವ ವಿದ್ಯೆ ಉಳಿಯಲಿಲ್ಲ. ತೀರ್ಪುಗಾರರು ಮಾತು ತಪ್ಪಿದ್ದಕ್ಕೆ ಅಂಕ ಕಳೆಯುವುದಂತೂ ಪಾಡ್ದನದ ಸ್ವಭಾವಕ್ಕೇ ಹೊರತು. ಗದ್ದೆಯಲ್ಲಿ ಮಾತು ತಪ್ಪುವುದೆಂಬುದೇ ಇರಲಿಲ್ಲ. ಹೊಸ ಮಾತು ಹುಟ್ಟುತ್ತಿತ್ತು, ಅಷ್ಟೆ.

ಹಾಗೆಂದು ಈ ಕೂಟಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಕಾವೂರು, ಕೊಂಚಾಡಿ, ಕುಂಜತ್ತಬೈಲಿನಂಥ ಕಡೆ ಬಾಡಿಗೆ ಮನೆಯಲ್ಲಿ ಬೆಳೆಯುವ ಮಗುವಿಗೆ ಪಾಡ್ದನ ಎಂಬ ಶಬ್ದ ಕಿವಿಗೆ ಬೀಳುವ ಏಕೈಕ ಸಂದರ್ಭ ಅದೇ ಇರಬಹುದು. ಎಂಬತ್ತರ ಅಜ್ಜಿಯೊಬ್ಬಳಿಗೆ ಶಾಲು ಹೊದಿಸಿ ಮೈಕಿನ ಮುಂದೆ ಕೂರಿಸಿದಾಗ ಮೊಮ್ಮಕ್ಕಳು ಆಕೆಯನ್ನು ನೋಡುವ ಬಗೆಯೇ ಬದಲಾಗುತ್ತದೆ. ಮನೆಯಲ್ಲಿ ಆಕೆ ಹಾಡಿದ್ದೇ ಇಲ್ಲ, ಯಾರೂ ಕೇಳಿರಲಿಲ್ಲ.

ಆಕೆ ಹಾಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ವೇದಿಕೆಯಲ್ಲಿ ಯಾರೂ ಎತ್ತುವುದಿಲ್ಲ. ಪಾಡ್ದನ ಒಡೆಯನ ಗದ್ದೆಯ ಕೂಲಿಯೊಂದಿಗೆ ಅಂಟಿಕೊಂಡಿದೆ. ಮಳೆಯಲ್ಲಿ ದಿನವಿಡೀ ಬಗ್ಗಿ ದುಡಿದು ಸೇರಕ್ಕಿ ಸೆರಗಿನಲ್ಲಿ ಕಟ್ಟಿ ತಂದವಳಿಗೆ ಆ ಹಾಡು ಬರೀ ಸಂಸ್ಕೃತಿಯಲ್ಲ. 1974ರ ಭೂಸುಧಾರಣೆಯ ನಂತರ ಮಕ್ಕಳು ಶಾಲೆಗೆ ಹೋದರು, ಕಾರ್ಖಾನೆಗೆ, ಮುಂಬಯಿಗೆ, ಕೊಲ್ಲಿಗೆ ಹೋದರು. ತಾಯಂದಿರು ಹಾಡನ್ನು ಕಲಿಸದೆ ಬಿಟ್ಟರು, ಹಲವರು ಬೇಕೆಂದೇ ಬಿಟ್ಟರು. ಅದನ್ನು ದೂರುವ ಹಕ್ಕು ಕೊಡೆ ಹಿಡಿದು ನಿಂತವರ ಮಕ್ಕಳಿಗಿಲ್ಲ. ಈಗ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಪಾಡ್ದನ ಹಾಡಲು ಮುಂದೆ ಬರುತ್ತಿರುವುದು ಒಳ್ಳೆಯದೇ. ಆದರೆ ಬಹುಮಾನದ ವೇದಿಕೆಯಲ್ಲಿ ಮೂಲ ಹಾಡುಗಾರರ ಸಮುದಾಯದವರು ಎಷ್ಟು ಮಂದಿ ಎಂದು ಸಂಘಟಕರು ಒಮ್ಮೆ ಎಣಿಸಬೇಕು.

ಕಟೀಲು ಬಳಿಯ ಗಿಡಿಗೆರೆಯ ರಾಮಕ್ಕ ಮುಗ್ಗೇರ್ತಿಯವರ ಉದಾಹರಣೆ ಇಲ್ಲಿ ಬೆಳಕು ಕೊಡುತ್ತದೆ. ಅವರು ಹಾಡಿದ ಸಿರಿ ಪಾಡ್ದನವನ್ನು ಎ.ವಿ. ನಾವಡರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುಸ್ತಕವಾಗಿ ತಂದಿತು. ಶೀರ್ಷಿಕೆಯಲ್ಲೇ ‘ರಾಮಕ್ಕ ಮುಗ್ಗೇರ್ತಿ ಕಟ್ಟಿದ’ ಎಂದಿದೆ. ‘ಹಾಡಿದ’ ಅಲ್ಲ, ‘ಕಟ್ಟಿದ’. ಅಕ್ಷರ ಬಾರದ ಕವಿಗೆ ಸಲ್ಲಬೇಕಾದ ಗೌರವವನ್ನು ಆ ಒಂದು ಕ್ರಿಯಾಪದ ಸಲ್ಲಿಸಿದೆ.

ಎಲ್ಲಿ ಹಾಡಬಹುದು, ಎಲ್ಲಿ ಬಾರದು

2022ರಲ್ಲಿ ‘ಕಾಂತಾರ’ ಸಿನಿಮಾ ಬಂದ ಮೇಲೆ ಇನ್ನೊಂದು ತೊಡಕು ಎದ್ದಿದೆ. ದೈವದ ವೇಷವನ್ನು ಶಾಲಾ ವಾರ್ಷಿಕೋತ್ಸವದ ಛದ್ಮವೇಷದಲ್ಲಿ, ಮೆರವಣಿಗೆಯಲ್ಲಿ ಅನುಕರಿಸುವುದು ಹೆಚ್ಚಿತು. ದೈವಾರಾಧಕರು ಅದಕ್ಕೆ ಬಲವಾದ ಆಕ್ಷೇಪ ಎತ್ತಿದರು. ಅದರ ಬಿಸಿ ಪಾಡ್ದನಕ್ಕೂ ತಟ್ಟುವುದು ಸಹಜ. ಕೋಲದ ಅಂಗಳದ ಸಂಧಿಯನ್ನು ವೇದಿಕೆಗೆ ತರಬಹುದೇ? ಹಳಬರಲ್ಲಿ ಇದಕ್ಕೆ ಜಗಳವಿಲ್ಲದ ಉತ್ತರವಿತ್ತು. ಆರಾಧನೆಯಲ್ಲಿ, ಹಕ್ಕುಳ್ಳವರು, ದೈವದ ಎದುರು ಹಾಡುವುದು ಒಂದು. ಅದೇ ದೈವದ ಕಥೆಯನ್ನು ಗದ್ದೆಯಲ್ಲಿ ಎಲ್ಲರೂ ಸೊಲ್ಲು ಕೂಡಿಸಿ ಹಾಡುವುದು ಇನ್ನೊಂದು. ಕೂಟಗಳು ಎರಡನೆಯದನ್ನು ಹಿಡಿದುಕೊಂಡರೆ ಸಾಕು. ಅಣಿ ಕಟ್ಟಿ, ಬಣ್ಣ ಬಳಿದು ಕುಣಿಯುವ ಅಗತ್ಯ ಪಾಡ್ದನಕ್ಕಿಲ್ಲ, ಅದಕ್ಕೆ ಬೇಕಾದದ್ದು ಕಂಠ, ತೆಂಬರೆ, ಜೊತೆಗೆ ನಾಲ್ಕು ಜನ.

ಆ ನಾಲ್ಕು ಜನರಲ್ಲೇ ಪಾಡ್ದನದ ಶಾಲೆ ಇದ್ದದ್ದು. ಯಾರೂ ಗುರುವಿನ ಮುಂದೆ ಕುಳಿತು ಪಾಡ್ದನ ಕಲಿಯಲಿಲ್ಲ. ಹತ್ತು ಹನ್ನೆರಡು ವರ್ಷದ ಹುಡುಗಿ ತಾಯಿಯ ಪಕ್ಕ ನೇಜಿ ನೆಡುತ್ತ ಮೊದಲು ಸೊಲ್ಲು ಕೊಡುತ್ತಿದ್ದಳು. ಐದಾರು ಮಳೆಗಾಲ ಸೊಲ್ಲು ಕೊಟ್ಟ ಮೇಲೆ ಕಥೆಯ ದಾರಿ ತಿಳಿಯುತ್ತಿತ್ತು. ಒಂದು ದಿನ ಮುಂದಾಳು ಹೆಂಗಸಿಗೆ ಕೆಮ್ಮು ಬಂದಾಗ, ಎಲೆ ಅಡಿಕೆ ಹಾಕಲು ನಿಂತಾಗ ಸಾಲು ಎತ್ತುವ ಸರದಿ ಆಕೆಗೆ ಬರುತ್ತಿತ್ತು. ಇಂದಿನ ಸಭಾಭವನದಲ್ಲಿ ವೇದಿಕೆಯ ಮೇಲಿನವರು ಹಾಡುತ್ತಾರೆ, ಕುರ್ಚಿಯಲ್ಲಿರುವವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಸೊಲ್ಲು ಕೊಡುವವರೇ ಇಲ್ಲ.

ಸ್ಕಾಟ್ಲೆಂಡಿನವರು ಇದೇ ಗಂಟನ್ನು ಬಿಡಿಸಿದ ರೀತಿ ತಿಳಿಯಲು ಯೋಗ್ಯ. ಹಣ್ಣಿನ ತೋಟಗಳ ಅದೇ ಬ್ಲೇರ್‌ಗೌರಿಯಲ್ಲಿ 1966ರಲ್ಲಿ ಹಾಡುಗಾರರ ಕೂಟ ಆರಂಭಿಸಿದಾಗ ದೊಡ್ಡ ರಂಗಕ್ಕಿಂತ ಸಣ್ಣ ಕೋಣೆಗಳಿಗೆ ಬೆಲೆ ಕೊಟ್ಟರು. ಹಿರಿಯ ಹಾಡುಗಾರರನ್ನು ನಡುವೆ ಕೂರಿಸಿ, ಕಿರಿಯರು ಸುತ್ತ ಕೂತು ಪಲ್ಲವಿ ಕೂಡಿಸುವ ಕ್ರಮವದು. ನಮ್ಮಲ್ಲೂ ಇದಕ್ಕೆ ಹೊರಗಿನ ಮಾದರಿ ಬೇಕಾಗಿಲ್ಲ. ಹಿರಿಯಡಕ, ನಂದಳಿಕೆ, ಕವತ್ತಾರುಗಳ ಸಿರಿ ಜಾತ್ರೆಯಲ್ಲಿ ರಾತ್ರಿಯಿಡೀ ಕುಮಾರನೊಬ್ಬ ಹಾಡುತ್ತ ಹೋದಂತೆ ಸುತ್ತ ನಿಂತ ಹೆಂಗಸರು ಕಥೆಯೊಳಗೆ ಪ್ರವೇಶಿಸುವುದನ್ನು ಕಂಡವರಿಗೆ ಗೊತ್ತು. ಅಲ್ಲಿ ಯಾರೂ ನಿಮಿಷ ಲೆಕ್ಕ ಹಾಕುವುದಿಲ್ಲ.

ತುಳು ಸಾಹಿತ್ಯ ಅಕಾಡೆಮಿ 1994ರಿಂದ ಇದೆ. 2010ರ ಹೊತ್ತಿಗೆ ಶಾಲೆಗಳಲ್ಲಿ ತುಳುವನ್ನು ಮೂರನೆಯ ಭಾಷೆಯಾಗಿ ಆಯ್ದುಕೊಳ್ಳುವ ಅವಕಾಶ ಬಂತು. 2018ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ತುಳು ಎಂ.ಎ. ಆರಂಭಿಸಿತು. ಪುಸ್ತಕವಿದೆ, ಪಠ್ಯವಿದೆ, ಉಡುಪಿಯಲ್ಲಿ ಧ್ವನಿಸುರುಳಿಗಳಿವೆ. ಇಷ್ಟೆಲ್ಲ ಇದ್ದೂ ಕಾವೂರಿನಂಥ ಊರಿನಲ್ಲಿ ಬೇಕಾದದ್ದು ಬಹಳ ಅಗ್ಗದ ವಸ್ತು: ಆಟಿಯ ನಾಲ್ಕು ಭಾನುವಾರಗಳಲ್ಲಿ ಒಂದೇ ಕಥೆಯನ್ನು ತುಂಡು ತುಂಡಾಗಿ ಮುಂದುವರಿಸುವ ಮಧ್ಯಾಹ್ನಗಳು. ಬಹುಮಾನ ಬೇಡ, ಒಂದೇ ಬಣ್ಣದ ಸೀರೆ ಬೇಡ. ಚಾಪೆ ಹಾಸಿ, ಹಿರಿಯಳೊಬ್ಬಳನ್ನು ಆಟೋದಲ್ಲಿ ಕರೆತಂದು, ಆಕೆಗೆ ಒಂದು ದಿನದ ಕೂಲಿಗೆ ಕಡಿಮೆಯಿಲ್ಲದ ಸಂಭಾವನೆ ಕೊಟ್ಟು, ಬಂದವರೆಲ್ಲ ಸೊಲ್ಲು ಕೊಡಬೇಕೆಂದು ನಿಯಮ ಮಾಡಿದರಾಯಿತು.

ಮೊದಲ ಭಾನುವಾರಕ್ಕೆ ಅಬ್ಬಗ ದಾರಗರ ಕಥೆಯೇ ಸರಿ. ಸಿರಿಯ ವಂಶದ ಆ ಅವಳಿ ಅಕ್ಕತಂಗಿಯರು ಚೆನ್ನೆಮಣೆ ಆಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆದು ಕೊಂದು, ಕೊನೆಗೆ ತಾನೂ ಬಾವಿಗೆ ಹಾರಿದಳು. ಒಡಹುಟ್ಟಿದ ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂದು ತುಳುನಾಡಿನ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ಆಟಿಡೊಂಜಿ ದಿನದ ಸಭಾಭವನದಲ್ಲಿ ಚೆನ್ನೆಮಣೆಯ ಸ್ಪರ್ಧೆಯೂ ಇರುತ್ತದೆ, ಪಾಡ್ದನದ ಮೇಜಿನ ಪಕ್ಕದಲ್ಲೇ. ಏಕೆ ಆಡಬಾರದೆಂದು ಅಲ್ಲಿ ಕೂತ ಮಕ್ಕಳನ್ನು ಕೇಳಿ ನೋಡಬೇಕು.